ಹೆಸರು ಕೆಳಗಿದ್ದರೆ ಸೋಲಬೇಕು

ನಮ್ಮ ಡ್ರಾಯಿಂಗ್ ಮೇಷ್ಟ್ರ ಬಗ್ಗೆ ಈವರೆಗೆ ಯಾರೂ ಏನೂ ಬರೆದಿಲ್ಲ. ಬರೆಯುವಂಥ ದೊಡ್ಡ ಕೆಲಸವನ್ನು ಅವರು ಮಾಡಿಯೂ ಇಲ್ಲ. ನಿವೃತ್ತಿಯ ದಿನ ಶಾಲೆಯವರು ಒಂದು ಗೋಡೆ ಗಡಿಯಾರ ಕೊಟ್ಟು ಕೈತೊಳೆದುಕೊಂಡರಂತೆ. ಅವರ ಬಗ್ಗೆ ಬರೆಯುವ ಅರ್ಹತೆ ಯಾರಿಗಾದರೂ ಇದ್ದರೆ ಅದು ನನಗಂತೂ ಅಲ್ಲ. ಆದರೂ ಬರೆಯಲು ಕೂತಿದ್ದೇನೆ. ಅವರಿಗೆ ಅಂಟಿದ ಕೆಟ್ಟ ಹೆಸರಿನಲ್ಲಿ ಅರ್ಧಕ್ಕಿಂತ ಹೆಚ್ಚು ನನಗೆ ಸೇರಬೇಕಾದದ್ದು. ಇಪ್ಪತ್ತೆರಡು ವರ್ಷ ಅದನ್ನು ಅವರ ತಲೆಯ ಮೇಲೇ ಬಿಟ್ಟು ನಾನು ಹೊಟ್ಟೆ ತುಂಬ ಉಂಡು ಕಣ್ತುಂಬ ನಿದ್ದೆ ಮಾಡಿದ್ದೇನೆ. ನಾಚಿಕೆಗೆಟ್ಟವಳು ಎಂದು ಯಾರಾದರೂ ಬೈದರೆ ಎದುರು ಮಾತಾಡಲು ನನ್ನಲ್ಲಿ ಏನೂ ಇಲ್ಲ.

ಮೇಷ್ಟ್ರು ಶಾಲೆಗೆ ಬರುವ ಮೊದಲು ಅಂಗಡಿಗಳ ಬೋರ್ಡು ಬರೆಯುತ್ತಿದ್ದವರು. ಆ ಕೆಲಸದ ಚಟ ಅವರನ್ನು ಕೊನೆಯವರೆಗೂ ಬಿಡಲಿಲ್ಲ. ಕರಿಹಲಗೆಯ ಮೇಲೆ ‘ನಾಳೆ ರಜೆ’ ಎಂದು ಬರೆದರೂ ಪ್ರತಿ ಅಕ್ಷರದ ಪಕ್ಕದಲ್ಲಿ ಒಂದು ನೆರಳು ಎಳೆಯುತ್ತಿದ್ದರು. ನೆರಳು ಮುಗಿಯುವುದರೊಳಗೆ ಗಂಟೆ ಬಾರಿಸುತ್ತಿತ್ತು. ಮದುವೆಯಾಗಿರಲಿಲ್ಲ. ಸೈಕಲ್ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆಯಲ್ಲಿ ಅಕ್ಕನ ಜೊತೆ ಇದ್ದರು. ಆ ಅಕ್ಕ ಅವರನ್ನು ಹತ್ತು ವರ್ಷದ ತಮ್ಮನನ್ನು ಗದರುವಂತೆ ಬೀದಿಗೆಲ್ಲ ಕೇಳುವ ಹಾಗೆ ಗದರುತ್ತಿದ್ದರು. ಮೇಷ್ಟ್ರಿಗೆ ಮಾತ್ರ ಯಾರನ್ನೂ ಗದರಲು ಬರುತ್ತಿರಲಿಲ್ಲ. ತಪ್ಪು ಮಾಡಿದ ಮಗುವಿನ ಮುಂದೆ ನಿಂತು ಗಂಟಲು ಸರಿಮಾಡಿಕೊಳ್ಳಲು ಶುರುಮಾಡಿದರೆ, ಅವರ ಗಂಟಲು ಸರಿಯಾಗುವಷ್ಟರಲ್ಲಿ ಮಗು ಮೈದಾನ ಸೇರಿರುತ್ತಿತ್ತು.

ನಾನು ಒಂಬತ್ತನೇ ತರಗತಿಗೆ ಬಂದ ವರ್ಷ ಶಾಲೆಗೆ ಒಂದು ಸುತ್ತೋಲೆ ಬಂತು. ಬುಧವಾರ ಮಧ್ಯಾಹ್ನದ ಕೊನೆಯ ಎರಡು ಪೀರಿಯಡ್ಡು ಪಾಠ ಮಾಡಬಾರದು. ಮಕ್ಕಳಿಗೆ ಹಾಡು, ತೋಟ, ನಾಟಕ, ಆಟ, ಏನಾದರೊಂದು ವಿರಾಮದ ಚಟುವಟಿಕೆ ಮಾಡಿಸಬೇಕು. ಅದರಿಂದ ಮಕ್ಕಳ ಮನಸ್ಸು ಹಗುರಾಗಬೇಕು, ನಾಲ್ಕು ಜನರ ಜೊತೆ ಬಾಳುವುದನ್ನು ಅವರು ಕಲಿಯಬೇಕು. ಸುತ್ತೋಲೆ ಓದಿದ ಮೇಷ್ಟ್ರುಗಳ ಮುಖಗಳೆಲ್ಲ ಭಾರವಾದವು. ಗಣಿತದವರು ರಸಪ್ರಶ್ನೆ ಹಿಡಿದುಕೊಂಡರು. ಅದು ಗಣಿತವೇ, ಹೆಸರು ಬೇರೆ. ವಿಜ್ಞಾನದವರು ತೋಟ ತೆಗೆದುಕೊಂಡು ಮಕ್ಕಳ ಕೈಯಲ್ಲಿ ಶಾಲೆಯ ಕಳೆ ಕೀಳಿಸಿದರು. ಎಲ್ಲರೂ ಆರಿಸಿಕೊಂಡ ಮೇಲೆ ಉಳಿದದ್ದು ಕೇರಂ. ಬೇಡ ಅನ್ನಲು ಬಾರದ ಕಾರಣ ಅದು ಡ್ರಾಯಿಂಗ್ ಮೇಷ್ಟ್ರ ಪಾಲಿಗೆ ಬಂತು.

ಸೈಕಲ್ ನಿಲ್ಲಿಸುವ ಜಾಗದ ಪಕ್ಕದಲ್ಲಿ ಮುರಿದ ಬೆಂಚುಗಳನ್ನು ತುಂಬಿದ್ದ ಕೋಣೆಯೊಂದಿತ್ತು. ಅದನ್ನು ಖಾಲಿ ಮಾಡಿಸಿ ನಾಲ್ಕು ಬೋರ್ಡು ಹಾಕಿದರು. ಇಪ್ಪತ್ನಾಲ್ಕು ಮಕ್ಕಳು. ಮೊದಲ ಎರಡು ಬುಧವಾರ ಅಲ್ಲಿ ನಡೆದದ್ದು ಬರೀ ಗಲಾಟೆ. ಆಡಲು ಬಲ್ಲವರು ಬೋರ್ಡು ಬಿಟ್ಟು ಏಳುತ್ತಿರಲಿಲ್ಲ, ಬಾರದವರು ಗೋಡೆಗೆ ಒರಗಿ ಉಗುರು ಕಚ್ಚುತ್ತಿದ್ದರು. ಬಿಟ್ಟು ಏಳದವರಲ್ಲಿ ನಾನೇ ಮುಂದು. ನಮ್ಮಪ್ಪನದು ಕ್ಷೌರದಂಗಡಿ. ಸರದಿ ಕಾಯುವವರಿಗೆಂದು ಅಲ್ಲಿ ಸದಾ ಒಂದು ಬೋರ್ಡು ಹಾಸಿರುತ್ತಿತ್ತು. ನಡೆಯಲು ಕಲಿತ ಮೇಲೆ ನಾನು ಕಲಿತ ಎರಡನೇ ವಿದ್ಯೆ ಕೇರಂ. ಅರ್ಧ ಗಡ್ಡ ಬೋಳಿಸಿಕೊಂಡ ದೊಡ್ಡವರನ್ನೂ ಸೋಲಿಸಿ ಕಳಿಸುತ್ತಿದ್ದೆ.

ಮೂರನೇ ವಾರ ಮೇಷ್ಟ್ರು ಒಂದು ಏರ್ಪಾಡು ಮಾಡಿದರು. ಬೋರ್ಡಿಗೆ ಆರು ಜನ. ಇಬ್ಬರು ಆಡುವುದು, ಒಬ್ಬರು ಲೆಕ್ಕ ಇಡುವುದು, ಒಬ್ಬರು ಪೌಡರ್ ಹಾಕಿ ಕಾಯಿ ಜೋಡಿಸುವುದು, ಇನ್ನಿಬ್ಬರು ಸುಮ್ಮನೆ ಕೂತು ಕಾಯುವುದು. ಕಾಯುವುದನ್ನೂ ಕಲಿಯಬೇಕು ಎಂದು ಅವರ ವಾದ. ಆಟ ಮುಗಿದ ಮೇಲೆ ಇಬ್ಬರೂ ಕೈಕುಲುಕಿ, ಎದುರಿನವರ ಆಟದಲ್ಲಿ ಕಂಡ ಒಂದು ಒಳ್ಳೆಯ ಸಂಗತಿಯನ್ನು ಬಾಯಿಬಿಟ್ಟು ಹೇಳಬೇಕು. ‘ಚೆನ್ನಾಗಿ ಆಡಿದೆ’ ಎಂದು ತೇಲಿಸುವಂತಿಲ್ಲ, ಯಾವ ಹೊಡೆತ, ಹೇಗಿತ್ತು, ಅದನ್ನು ಹೇಳಬೇಕು. ನಾವು ಮುಸಿಮುಸಿ ನಕ್ಕೆವು. ಆದರೆ ಎರಡು ತಿಂಗಳಲ್ಲಿ, ಮಾತೆತ್ತಿದರೆ ಕೈ ಮಾಡುತ್ತಿದ್ದ ನಮ್ಮ ತರಗತಿಯ ಗೂಳಿ ಎಂಬ ಅಡ್ಡಹೆಸರಿನವನು ತನ್ನ ಸರದಿಗಾಗಿ ಕೈಕಟ್ಟಿ ಕೂರುವುದನ್ನು ಕಂಡು ಗಣಿತದವರೇ ಬಾಗಿಲಲ್ಲಿ ನಿಂತು ನೋಡಿಹೋದರು. ಇದೆಲ್ಲ ಮೇಷ್ಟ್ರು ಮಾಡಿದ್ದು. ಮುಂದೆ ಆದದ್ದನ್ನು ಮಾತ್ರ ನೆನಪಿಟ್ಟುಕೊಂಡ ಜನ ಇದನ್ನೆಲ್ಲ ಒಂದೇ ಏಟಿಗೆ ಮರೆತರು.

ಆಮೇಲೆ ಮೇಷ್ಟ್ರನ್ನು ಮೂರು ದಿನದ ತರಬೇತಿಗೆ ಕಳಿಸಿದರು. ಅಲ್ಲಿಂದ ಒಂದು ಕಟ್ಟು ಜೆರಾಕ್ಸ್ ಹಾಳೆ ಹಿಡಿದುಕೊಂಡು ಬಂದರು. ಅದರಲ್ಲಿ ಒಂದು ಸಾಲಿಗೆ ಕೆಂಪು ಗೆರೆ ಎಳೆದಿದ್ದರು: ಪ್ರತಿ ಮಗುವೂ ವಾರಕ್ಕೊಮ್ಮೆಯಾದರೂ ಗೆಲುವಿನ ರುಚಿ ನೋಡಬೇಕು. ಬರೆದವರ ಮನಸ್ಸಿನಲ್ಲಿ ಏನಿತ್ತೋ ಗೊತ್ತಿಲ್ಲ. ಮೇಷ್ಟ್ರು ಅದನ್ನು ಅಕ್ಷರಕ್ಕೆ ಅಕ್ಷರ ನಂಬಿದರು. ಕೇರಂನಲ್ಲಿ ಒಬ್ಬರು ಗೆಲ್ಲಬೇಕಾದರೆ ಇನ್ನೊಬ್ಬರು ಸೋಲಲೇಬೇಕಲ್ಲ. ಹಾಗಾಗಿ ಅವರು ಚೆನ್ನಾಗಿ ಆಡುವ ನಾಲ್ವರನ್ನು, ಬೋರ್ಡಿಗೊಬ್ಬರಂತೆ, ಡ್ರಾಯಿಂಗ್ ಕೋಣೆಗೆ ಕರೆದರು. ಬಣ್ಣದ ಡಬ್ಬಿಗಳ ನಡುವೆ ನಿಂತು ಗಂಟಲು ಸರಿಮಾಡಿಕೊಂಡು, ನಮ್ಮಿಂದ ಒಂದು ಸಹಾಯ ಆಗಬೇಕೆಂದರು. ಇನ್ನುಮುಂದೆ ಯಾರು ಯಾರೊಡನೆ ಆಡಬೇಕೆಂದು ಅವರು ಚೀಟಿ ಬರೆದುಕೊಡುತ್ತಾರೆ. ಚೀಟಿಯಲ್ಲಿ ನಮ್ಮ ಹೆಸರು ಮೇಲಿದ್ದರೆ ಗೆಲ್ಲಬಹುದು. ಕೆಳಗಿದ್ದರೆ ಸೋಲಬೇಕು. ಯಾರಿಗೂ ಗೊತ್ತಾಗಬಾರದು, ಮನೆಯಲ್ಲೂ ಹೇಳಬಾರದು. ತಾವು ಓದುವಾಗ ಯಾವ ಆಟದಲ್ಲೂ ಒಂದು ಸಲವೂ ಗೆದ್ದದ್ದಿಲ್ಲ, ಹಾಗೆ ಬೆಳೆದರೆ ದೊಡ್ಡವನಾದ ಮೇಲೂ ಬಾಯಿ ಏಳುವುದಿಲ್ಲ ಎಂದರು. ಅಷ್ಟು ಉದ್ದ ಮಾತಾಡಿದ್ದನ್ನು ನಾನು ಅದೊಂದೇ ಸಲ ಕೇಳಿದ್ದು.

ನಮಗೆ ಒಳಗೊಳಗೇ ಕೋಡು ಮೂಡಿತು. ಸೋಲುವುದೆಂದರೆ ಸುಲಭವಲ್ಲ. ಕಾಯಿಯನ್ನು ಪಾಕೆಟ್ಟಿನ ತುದಿಗೆ ಕೂದಲೆಳೆಯಷ್ಟು ದೂರದಲ್ಲಿ ನಿಲ್ಲಿಸಿ, ‘ಅಯ್ಯೋ’ ಎಂದು ಹಣೆ ಚಚ್ಚಿಕೊಳ್ಳಬೇಕು. ಐದು ಕಾಯಿ ಹಾಕಿ ಆರನೆಯದಕ್ಕೆ ಸ್ಟ್ರೈಕರನ್ನೂ ಜೊತೆಗೆ ಒಳಗೆ ಕಳಿಸಿ ಫೌಲು ಮಾಡಿಕೊಳ್ಳಬೇಕು. ಯಾರಿಗೂ ಅನುಮಾನ ಬರದಂತೆ ಸೋಲುವುದರಲ್ಲಿ ನನ್ನನ್ನು ಮೀರಿಸಿದವರಿಲ್ಲ.

ಕೇರಂ ಕೋಣೆಯಲ್ಲಿ ನಮ್ಮ ತರಗತಿಯ ಒಬ್ಬಳು ಹುಡುಗಿ ಇದ್ದಳು, ಆ ವರ್ಷವೇ ನಮ್ಮ ಶಾಲೆಗೆ ಬಂದವಳು. ಅಪ್ಪ ಬಸ್ಸಿನ ಡ್ರೈವರ್. ವರ್ಗವಾದಲ್ಲೆಲ್ಲ ಮಕ್ಕಳ ಶಾಲೆಯೂ ಬದಲಾಗುತ್ತಿತ್ತು. ಹಾಜರಿ ಕೂಗಿದಾಗ ಅವಳು ಎಷ್ಟು ಮೆತ್ತಗೆ ಉತ್ತರ ಕೊಡುತ್ತಿದ್ದಳೆಂದರೆ, ವಾರದಲ್ಲಿ ಎರಡು ದಿನ ಕಣ್ಣೆದುರಿಗೆ ಕೂತಿದ್ದರೂ ಗೈರುಹಾಜರಿ ಬೀಳುತ್ತಿತ್ತು. ತಡೆದು ತಡೆದು ನಡೆಯುತ್ತಿದ್ದಳೆಂದು ತರಗತಿ ಬಸವನಹುಳು ಎಂದು ಹೆಸರಿಟ್ಟಿತು. ಉದ್ದವಾಯಿತೆಂದು ಅದು ಬರೀ ಹುಳು ಆಯಿತು. ಹಾಗೆ ಮೊಟಕು ಮಾಡಿದವಳು ನಾನೇ.

ಗೆಲುವು ಅವಳಿಗೇ ಎಲ್ಲರಿಗಿಂತ ಹೆಚ್ಚು ಅಗತ್ಯ ಎಂದು ಮೇಷ್ಟ್ರಿಗೆ ಅನ್ನಿಸಿತು. ವಾರ ವಾರ ಚೀಟಿಯಲ್ಲಿ ಮೇಲೆ ಅವಳ ಹೆಸರು, ಕೆಳಗೆ ನನ್ನದು. ಮೊದಲ ಸಲ ಗೆದ್ದಾಗ ಅವಳು ನಂಬದೆ ಕಾಯಿಗಳನ್ನು ಎರಡು ಸಲ ಎಣಿಸಿದಳು. ನಾಲ್ಕನೇ ವಾರ ಹಾಜರಿಗೆ ಅವಳು ಕೂಗಿದ ‘ಎಸ್ ಮೇಡಂ’ ಕೇಳಿ ಮುಂದಿನ ಬೆಂಚಿನವರು ತಿರುಗಿ ನೋಡಿದರು. ಆರನೇ ವಾರ ಪಾಠದಲ್ಲಿ ಕೈ ಎತ್ತಿದಳು. ಆಮೇಲೆ ನನ್ನ ಪಕ್ಕ ಬಂದು ಕೂರತೊಡಗಿದಳು, ನನ್ನ ಡಬ್ಬಿಗೆ ತನ್ನ ಡಬ್ಬಿಯಿಂದ ಅರ್ಧ ಹಾಕತೊಡಗಿದಳು. ನಾನು ಅವಳಿಗೆ ಸಿಕ್ಕ ಮೊದಲ ಗೆಳತಿ. ಅದನ್ನು ಅವಳೇ ಹೇಳಿದಳು. ಹೇಳಿಸಿಕೊಳ್ಳುವಾಗ ದಾನ ಮಾಡಿದವಳ ಹಾಗೆ ನನ್ನ ಎದೆ ಉಬ್ಬುತ್ತಿತ್ತು. ಈಗ ನೆನೆಸಿಕೊಂಡರೆ ಆ ಎದೆಗೊಂದು ಗುದ್ದು ಕೊಡೋಣ ಅನ್ನಿಸುತ್ತದೆ.

ಮೂರು ತಿಂಗಳಾಗುವಷ್ಟರಲ್ಲಿ ಆ ಹುಳು ನನಗೇ ಕೇರಂ ಹೇಳಿಕೊಡಲು ಶುರುಮಾಡಿತು. ಸ್ಟ್ರೈಕರಿಗೆ ಉಗುರು ತಾಗಿಸಬಾರದಂತೆ, ಮೊಣಕೈ ಅಲುಗಬಾರದಂತೆ, ಅವಸರ ಮಾಡಬಾರದಂತೆ. ಹುಟ್ಟಿದಾಗಿನಿಂದ ಕ್ಷೌರದಂಗಡಿಯ ಬೋರ್ಡಿನ ಮೇಲೆ ಬಿದ್ದು ಬೆಳೆದ ನಾನು ಹೂಂ ಹೂಂ ಎಂದು ತಲೆಯಾಡಿಸಬೇಕು. ಮೊದಮೊದಲು ನಗು ಬರುತ್ತಿತ್ತು. ಆಮೇಲಾಮೇಲೆ ಹಲ್ಲು ಕಚ್ಚಿಕೊಂಡು ಕೂರುತ್ತಿದ್ದೆ.

ಹೀಗಿರುವಾಗ ಶಾಲೆ ಶಾಲೆಗಳ ನಡುವಿನ ಪಂದ್ಯದ ಪತ್ರ ಬಂತು. ಒಬ್ಬ ಹುಡುಗ, ಒಬ್ಬಳು ಹುಡುಗಿ. ಹೆಡ್ ಮೇಡಂ ಕೇರಂ ಕೋಣೆಯ ರಿಜಿಸ್ಟರ್ ತರಿಸಿ ನೋಡಿದರು. ಹುಡುಗಿಯರಲ್ಲಿ ಅತಿ ಹೆಚ್ಚು ಗೆದ್ದವಳು ಹುಳು. ಪ್ರಾರ್ಥನೆಯ ಹೊತ್ತಿಗೆ ಹೆಸರು ಕೂಗಿಯೇಬಿಟ್ಟರು. ಅವಳು ಸಾಲಿನಲ್ಲಿ ನನ್ನ ಮುಂದೆ ನಿಂತಿದ್ದಳು, ಹಿಂದೆ ಕೈ ಚಾಚಿ ನನ್ನ ಕೈ ಹಿಡಿದುಕೊಂಡಳು. ಶಿಕ್ಷಕರ ಸಾಲಿನಲ್ಲಿ ಮೇಷ್ಟ್ರ ಮುಖ ಸುಣ್ಣದ ಹಾಗಾಯಿತು.

ಸಂಜೆ ಅಂಗಡಿಯಲ್ಲಿ ಅಪ್ಪನಿಗೆ ವಿಷಯ ಗೊತ್ತಾಗಿತ್ತು. ಒಬ್ಬರ ಕೆನ್ನೆಗೆ ನೊರೆ ಹಚ್ಚುತ್ತಾ, ನನ್ನ ಮಗಳನ್ನು ಸೋಲಿಸುವ ಹುಡುಗಿ ಯಾರಪ್ಪ ಅವಳು, ಬೆಳಿಗ್ಗೆ ಸಂಜೆ ಇಲ್ಲಿ ಬೋರ್ಡು ಸವೆಸಿದ್ದೆಲ್ಲ ದಂಡವಾಯಿತಲ್ಲ ಎಂದು ಕೇಳಿದರು. ಕಾಯುತ್ತಿದ್ದವರೆಲ್ಲ ನಕ್ಕರು. ಅಪ್ಪ ತಮಾಷೆಗೆ ಹೇಳಿದ್ದು. ನನಗೆ ಮಾತ್ರ ಕಿವಿಯವರೆಗೂ ಉರಿಯಿತು. ಹೇಳುವಂತಿಲ್ಲ, ಸುಮ್ಮನಿರಲಾಗದು. ನೆಲದ ಮೇಲೆ ಬಿದ್ದಿದ್ದ ಕೂದಲನ್ನು ಯಾರೂ ಹೇಳದಿದ್ದರೂ ಗುಡಿಸಿದೆ.

ಮರುದಿನ ಮೇಷ್ಟ್ರು ನನ್ನನ್ನು ಕರೆದರು. ಪಂದ್ಯಕ್ಕೆ ಮೊದಲು ಇನ್ನೂ ಎರಡು ಬುಧವಾರಗಳಿವೆ. ಎರಡರಲ್ಲೂ ಚೀಟಿಯಲ್ಲಿ ನಿನ್ನ ಹೆಸರು ಮೇಲಿರುತ್ತದೆ ಎಂದರು. ಈ ವಾರ ಸ್ವಲ್ಪದರಲ್ಲಿ ಗೆಲ್ಲು, ಮುಂದಿನ ವಾರ ಇನ್ನೂ ಸ್ವಲ್ಪ ಹೆಚ್ಚು. ಅವಳಿಗೆ ತಾನಾಗಿಯೇ ಅರ್ಥವಾಗುತ್ತದೆ, ತಾನೇ ನಿನ್ನನ್ನು ಕಳಿಸಿ ಅನ್ನುತ್ತಾಳೆ, ಉಳಿದದ್ದನ್ನು ಹೆಡ್ ಮೇಡಂಗೆ ನಾನು ಹೇಳಿಕೊಳ್ಳುತ್ತೇನೆ ಎಂದರು. ಹೇಳುವಾಗ ಕೈಯಲ್ಲಿದ್ದ ಬ್ರಷ್ಷನ್ನು ಬಟ್ಟೆಯಿಂದ ಒರೆಸಿದ್ದೇ ಒರೆಸಿದ್ದು. ಅವಳಿಗೆ ನೋವಾಗದಂತೆ ಇಳಿಸಬೇಕು ಎಂಬ ಒಂದೇ ಚಿಂತೆ ಅವರಿಗೆ. ನಾನು ಒಪ್ಪಿಕೊಂಡೆ. ಮನಸ್ಸಿಟ್ಟೇ ಒಪ್ಪಿಕೊಂಡೆ, ಆ ಕ್ಷಣದಲ್ಲಿ ನನ್ನಲ್ಲಿ ಕಪಟವಿರಲಿಲ್ಲ.

ಬುಧವಾರ ಬಂತು. ಚೀಟಿಯಲ್ಲಿ ನನ್ನ ಹೆಸರು ಮೇಲಿತ್ತು. ಹುಳು ಸ್ಟ್ರೈಕರ್ ಕೈಗೆತ್ತಿಕೊಂಡು, ಬೋರ್ಡಿನ ಸುತ್ತ ಕೂತ ಉಳಿದ ನಾಲ್ವರ ಮುಂದೆ ನನ್ನ ಕಡೆ ನೋಡಿ ಹೇಳಿದಳು:

“ನೀನು ಬೇಜಾರ್ ಮಾಡ್ಕೋಬೇಡ ಕಣೇ. ಅಲ್ಲಿ ನಾನು ಏನೇನ್ ಕಲೀತೀನೋ ಅದನ್ನೆಲ್ಲ ಬಂದು ನಿಂಗೂ ಹೇಳ್ಕೊಡ್ತೀನಿ. ಮುಂದಿನ ವರ್ಷ ನೀನೇ ಹೋಗ್ಬಹುದು.”

ಸುತ್ತಲಿದ್ದವರು ಕಿಸಕ್ಕನೆ ನಕ್ಕರು. ಅವಳು ನಗಲಿಲ್ಲ. ಅವಳ ಮನಸ್ಸಿನಲ್ಲಿ ಪ್ರೀತಿ ಬಿಟ್ಟರೆ ಬೇರೇನೂ ಇರಲಿಲ್ಲ, ಅದು ನನಗೆ ಆಗಲೂ ಗೊತ್ತಿತ್ತು. ಗೊತ್ತಿದ್ದೂ ನನ್ನೊಳಗೆ ಏನೋ ಗಟ್ಟಿಯಾಯಿತು. ಹೋಗು ತಾಯಿ, ಹೋಗಿ ಕಲಿತುಕೊಂಡು ಬಾ, ಊರ ಜನ ಕೂತು ನೋಡಲಿ ಎಂದುಕೊಂಡೆ. ಅವತ್ತು ನಾನು ಸೋತ ಹಾಗೆ ಅದುವರೆಗೆ ಎಂದೂ ಸೋತಿರಲಿಲ್ಲ. ಕೆಂಪು ಕಾಯಿಯನ್ನೇ ಅವಳ ಪಾಕೆಟ್ಟಿನ ಬಾಯಿಗೆ ತಂದಿಟ್ಟು ಕೊಟ್ಟೆ. ಕಷ್ಟಪಟ್ಟು ಆಡುವವಳ ಹಾಗೆ ನಾಲಿಗೆ ಕಚ್ಚಿಕೊಂಡೆ, ಬೆವರು ಒರೆಸಿಕೊಂಡೆ.

ಮೇಷ್ಟ್ರು ಲೆಕ್ಕದ ಹಾಳೆ ನೋಡಿ, ಚೀಟಿ ನೋಡಿ, ನನ್ನನ್ನು ಬಾಗಿಲ ಹೊರಗೆ ಕರೆದರು. ಮರೆತುಬಿಟ್ಟೆಯಾ ಎಂದು ಕೇಳಿದರು.

“ಇಲ್ಲ ಸರ್, ನಿಜವಾಗ್ಲೂ ಆಡ್ದೆ. ಆಗ್ಲಿಲ್ಲ. ಅವಳು ತುಂಬ ಚೆನ್ನಾಗ್ ಆಡ್ತಾಳೆ ಈಗ.”

ಅವರ ಮುಖ ಅರಳಿದ ರೀತಿಯನ್ನು ನಾನು ಹೇಗೆ ಬರೆಯಲಿ? ಸೈಕಲ್ಲುಗಳ ನಡುವೆ ನಿಂತಿದ್ದ ಆ ಮನುಷ್ಯನ ಕಣ್ಣು ತುಂಬಿ ಬಂತು. ಗೆದ್ದೂ ಗೆದ್ದೂ ಹುಡುಗಿಗೆ ಆಟವೇ ಬಂದುಬಿಟ್ಟಿತು ಎಂದು ಅವರು ನಂಬಿದರು. ಕೆಂಪು ಗೆರೆ ಎಳೆದಿದ್ದ ಆ ಸಾಲು ನಿಜವಾಯಿತು ಎಂದು ನಂಬಿದರು. ಒಳಗೆ ಹೋಗಿ ಅವಳ ಕೈಕುಲುಕಿದರು. ಮುಂದಿನ ಬುಧವಾರವೂ ನಾನು ಹಾಗೇ ಸೋತೆ. ಮನೆಯಲ್ಲಿ ಅಕ್ಕನಿಗೂ ಅವಳ ಸುದ್ದಿ ಹೇಳಿದ್ದಾರೆಂದು ಮೇಷ್ಟ್ರೇ ನಾಚುತ್ತಾ ನಮಗೆ ತಿಳಿಸಿದರು.

ಪಂದ್ಯ ನಡೆದದ್ದು ಪಕ್ಕದ ಊರಿನ ಒಂದು ಸಭಾಂಗಣದಲ್ಲಿ. ಪ್ರತಿ ಬೋರ್ಡಿನ ಮೇಲೂ ತಗಡಿನ ಟೋಪಿ ಹಾಕಿದ ಬಲ್ಬು ಇಳಿಬಿಟ್ಟಿದ್ದರು. ಹುಡುಗರ ಕಡೆಯಿಂದ ಗೂಳಿ ಬಂದಿದ್ದ. ಹುಳುವಿನ ಜೊತೆಗೆಂದು ನನ್ನನ್ನೂ ಕರೆದುಕೊಂಡು ಹೋಗಿದ್ದರು. ಅವಳೇ ಹಟ ಮಾಡಿ ಕೇಳಿಕೊಂಡಿದ್ದಳು. ಎದುರಾಳಿ ಕನ್ನಡಕ ಹಾಕಿದ ಒಬ್ಬ ಸಣಕಲು ಹುಡುಗಿ. ಅವಳು ಕೂತಳು, ಸ್ಟ್ರೈಕರ್ ಇಟ್ಟಳು, ಎದ್ದಳು ಅಷ್ಟೇ. ಮೊದಲ ಬೋರ್ಡಿನಲ್ಲಿ ಹುಳುವಿನ ಒಂಬತ್ತು ಕಾಯಿಗಳಲ್ಲಿ ಒಂದೂ ಒಳಗೆ ಹೋಗಲಿಲ್ಲ. ಎರಡನೆಯದರಲ್ಲಿ ಅವಳಿಗೆ ಹೊಡೆಯುವ ಸರದಿ ಬಂದದ್ದೇ ಮೂರು ಸಲ. ಮೂರೇ ಬೋರ್ಡಿಗೆ ಮೊದಲ ಆಟ ಮುಗಿಯಿತು. ಇಪ್ಪತ್ತೈದು, ಸೊನ್ನೆ. ಎರಡನೇ ಆಟವೂ ಇಪ್ಪತ್ತೈದು, ಸೊನ್ನೆ. ಹಿಂದೆ ಕೂತಿದ್ದ ಯಾರೋ, ಈ ಮಗುವನ್ನು ಯಾಕೆ ಕರೆತಂದರು ಎಂದು ಕೇಳಿದ್ದು ನಮ್ಮೆಲ್ಲರಿಗೂ ಕೇಳಿಸಿತು.

ಇದನ್ನು ನೋಡಿ ನನಗೆ ಖುಷಿಯಾಗುತ್ತದೆ ಎಂದುಕೊಂಡಿದ್ದೆ. ಮೊದಲ ಐದು ನಿಮಿಷ ಆಯಿತು ಕೂಡ. ಆಮೇಲೆ ಅವಳ ಕತ್ತಿನ ಹಿಂಭಾಗ ಕೆಂಪಾಗುವುದು ಕಾಣಿಸಿತು, ಮತ್ತೆ ನನಗೆ ಅತ್ತ ನೋಡಲಾಗಲಿಲ್ಲ. ಆಟ ಮುಗಿದ ಮೇಲೆ ಅವಳು ಎದ್ದು ಆ ಹುಡುಗಿಯ ಕೈಕುಲುಕಿ, ಕೊನೆಯ ಕಾಯಿಯನ್ನು ಎರಡು ಗೋಡೆಗೆ ತಾಗಿಸಿ ತಂದದ್ದು ಬಹಳ ಚೆಂದವಿತ್ತು ಎಂದು ಹೇಳಿದಳು. ಧ್ವನಿ ಸ್ವಲ್ಪವೂ ನಡುಗಲಿಲ್ಲ. ತಿರುಗಿ ನನ್ನನ್ನು ನೋಡಿದಾಗ ಅವಳಿಗೆ ಎಲ್ಲವೂ ಗೊತ್ತಾಗಿತ್ತು. ನಿಜವಾದ ಆಟ ಹೇಗಿರುತ್ತದೆಂದು ಅವಳು ಮೊದಲ ಸಲ ನೋಡಿದ್ದಳಲ್ಲ.

ವಾಪಸು ಬರುವ ಬಸ್ಸಿನಲ್ಲಿ ಅವಳು ಕಿಟಕಿಯ ಪಕ್ಕ, ನಾನು ಅವಳ ಪಕ್ಕ, ಮೇಷ್ಟ್ರು ಮುಂದಿನ ಸೀಟಿನಲ್ಲಿ. ಗೂಳಿ ಹಿಂದೆಲ್ಲೋ ನಿದ್ದೆ ಹೋಗಿದ್ದ. ಅರ್ಧ ದಾರಿಯಲ್ಲಿ ಅವಳು ಕೇಳಿದಳು.

“ಸರ್, ಇವಳು ಬೇಕಂತಲೇ ಸೋಲ್ತಾ ಇದ್ಲಾ?”

ಮೇಷ್ಟ್ರು ಪೂರ್ತಿ ಹಿಂದಕ್ಕೆ ತಿರುಗಿ ಕೂತರು. ಆ ದಿನ ಅವರು ಗಂಟಲು ಸರಿಮಾಡಿಕೊಳ್ಳಲಿಲ್ಲ.

“ಹೂಂ ಕಣಮ್ಮ. ನಾನೇ ಹೇಳಿದ್ದೆ. ಅವಳು ಬೇಡ ಅಂದ್ಲು, ನಾನೇ ಬಲವಂತ ಮಾಡ್ದೆ.”

“ಎಲ್ಲಾ ಆಟಾನೂ?”

“ಎಲ್ಲಾ.”

“ಮೊನ್ನೆ ಎರಡು ಆಟ? ನನ್ನ ಹೆಸರು ಕೂಗಿದ ಮೇಲೂ?”

ಮೇಷ್ಟ್ರು ನನ್ನ ಮುಖ ನೋಡಿದರು. ಸಿಟ್ಟಿನಿಂದಲ್ಲ. ಇವಳ್ಯಾಕೆ ಹೀಗೆ ಮಾಡಿದಳು ಎಂದು ಅರ್ಥಮಾಡಿಕೊಳ್ಳಲು ನೋಡುವವರ ಹಾಗೆ ನೋಡಿದರು. ನಾನು ನನ್ನ ಚಪ್ಪಲಿ ನೋಡಿಕೊಂಡೆ. ಒಂದು ಮಾತು ಬಾಯಿಗೆ ಬಂದರೆ ಸಾಕಿತ್ತು, ಬರಲಿಲ್ಲ, ಬರಲು ನಾನು ಬಿಡಲಿಲ್ಲ.

“ಆ ಎರಡೂ ನಾನೇ ಹೇಳಿದ್ದು,” ಎಂದರು ಮೇಷ್ಟ್ರು.

ಅವಳು ಕಿಟಕಿಯ ಕಡೆ ತಿರುಗಿದಳು. ಸ್ವಲ್ಪ ದೂರ ಹೋದ ಮೇಲೆ ನನ್ನ ಭುಜದ ಮೇಲೆ ತಲೆಯಿಟ್ಟು ಅತ್ತಳು. ನನ್ನ ಭುಜದ ಮೇಲೆ! ನಾನು ಅವಳ ಬೆನ್ನು ಸವರಿದೆ. ಎಂಥ ಕೈ ಅದು.

ಮರುದಿನ ಅವಳ ಅಪ್ಪ ಡ್ರೈವರ್ ಯೂನಿಫಾರ್ಮಿನಲ್ಲೇ ಬಂದು ಹೆಡ್ ಮೇಡಂ ಕೋಣೆಯಲ್ಲಿ ಕೂಗಾಡಿದರು. ನನ್ನ ಮಗಳನ್ನು ಆಟದ ಬೊಂಬೆ ಮಾಡಿಕೊಂಡಿರಾ ಎಂದು ಅವರು ಕೇಳಿದ್ದು ಮೈದಾನದವರೆಗೂ ಕೇಳಿಸಿತು. ಆ ಬುಧವಾರ ಮೇಷ್ಟ್ರು ಇಪ್ಪತ್ನಾಲ್ಕು ಮಕ್ಕಳನ್ನೂ ಕೂರಿಸಿ, ತಾವು ಮೋಸ ಮಾಡಿದ್ದಾಗಿಯೂ ಸಹಾಯ ಮಾಡಿದ ನಾಲ್ವರದು ಏನೂ ತಪ್ಪಿಲ್ಲವೆಂದೂ ಹೇಳಿ ಕೈಮುಗಿದರು. ಮಕ್ಕಳಿಗೆ ಕೈಮುಗಿದ ಶಿಕ್ಷಕರನ್ನು ನಾನು ಮತ್ತೆ ನೋಡಿಲ್ಲ. ಆಗಲೂ ನಾನು ಉಸಿರೆತ್ತಲಿಲ್ಲ. ಕೋಣೆಗೆ ಬೀಗ ಬಿತ್ತು. ಬುಧವಾರದ ಎರಡು ಪೀರಿಯಡ್ಡನ್ನು ಗಣಿತದವರು ಸಂತೋಷದಿಂದ ನುಂಗಿಕೊಂಡರು. ಗೂಳಿ ಮತ್ತೆ ಕೈ ಮಾಡತೊಡಗಿದ, ವರ್ಷ ಮುಗಿಯುವುದರೊಳಗೆ ಶಾಲೆ ಬಿಟ್ಟ. ಡ್ರಾಯಿಂಗ್ ಮೇಷ್ಟ್ರಿಗೆ ಮಕ್ಕಳು ಸೋಲು ಮೇಷ್ಟ್ರು ಎಂದು ಹೆಸರಿಟ್ಟರು. ಆ ಹೆಸರು ಕೇಳಿ ನಾನೂ ಒಮ್ಮೆ ಎಲ್ಲರ ಜೊತೆ ನಕ್ಕಿದ್ದೇನೆ. ಮುಂದೆ ನೌಕರಿ ಮುಗಿಯುವವರೆಗೂ ಅವರಿಗೆ ಬಣ್ಣದ ಡಬ್ಬಿ ಬಿಟ್ಟು ಬೇರೆ ಯಾವ ಜವಾಬ್ದಾರಿಯನ್ನೂ ಯಾರೂ ಕೊಡಲಿಲ್ಲ.

ಹುಳು ಅವರ ಜೊತೆ ಮತ್ತೆ ಮಾತಾಡಲಿಲ್ಲ. ಎದುರಿಗೆ ಬಂದರೆ ಗೋಡೆಯ ಕಡೆ ತಿರುಗಿ ನಿಲ್ಲುತ್ತಿದ್ದಳು. ನನ್ನ ಜೊತೆ ಮಾತ್ರ ಮೊದಲಿಗಿಂತ ಹೆಚ್ಚು ಹಚ್ಚಿಕೊಂಡಳು. ಬೇಡ ಅಂದರೂ ಬಲವಂತಕ್ಕೆ ಸೋತವಳು ಪಾಪ, ಅವಳ ಲೆಕ್ಕದಲ್ಲಿ ನಾನೂ ಮೋಸಹೋದವಳೇ. ಕಾಲೇಜು, ಕೆಲಸ, ಮದುವೆ, ಮಕ್ಕಳು, ಎಲ್ಲದರಲ್ಲೂ ಜೊತೆಗಿದ್ದೆವು. ಅವಳೀಗ ವಿದ್ಯುತ್ ಕಚೇರಿಯಲ್ಲಿ ದೂರು ಕೇಳುವ ಕೆಲಸ ಮಾಡುತ್ತಾಳೆ. ಕರೆಂಟು ಹೋಯಿತೆಂದು ಕೂಗಾಡುವವರನ್ನು ಒಂದೇ ಮಾತಿನಲ್ಲಿ ಸುಮ್ಮನಾಗಿಸುವಷ್ಟು ಧ್ವನಿ ಬಂದಿದೆ. ಅದು ಎಲ್ಲಿಂದ ಬಂತೆಂದು ನನಗೆ ಗೊತ್ತು. ನಮ್ಮಿಬ್ಬರ ಮನೆಗೂ ನಡುವೆ ಎರಡೇ ಬೀದಿ. ಅವಳ ಮಗಳು ನನ್ನನ್ನು ದೊಡ್ಡಮ್ಮ ಅನ್ನುತ್ತಾಳೆ.

ನಾನು ಒಂದು ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸದಲ್ಲಿದ್ದೇನೆ. ಹೋದ ತಿಂಗಳು ಒಂದು ಬೆಳಿಗ್ಗೆ, ಖಾಲಿ ಹೊಟ್ಟೆಯಲ್ಲಿ ಬಂದು ಕೂತವರ ಸಾಲಿನಲ್ಲಿ ಹನ್ನೊಂದನೇ ಟೋಕನ್ ಹಿಡಿದು ಮೇಷ್ಟ್ರು ಬಂದರು. ಮೈ ಇಳಿದುಹೋಗಿತ್ತು. ತೋಳಿಗೆ ರಬ್ಬರ್ ಪಟ್ಟಿ ಕಟ್ಟಿದೆ. ಅವರೇ ಮೊದಲು ಮಾತಾಡಿದರು. ನೀನು ಕ್ಷೌರದಂಗಡಿಯವರ ಮಗಳಲ್ವಾ ಎಂದು ಕೇಳಿ, ಅಪ್ಪ ಹೇಗಿದ್ದಾರೆ ಎಂದರು. ಅಕ್ಕ ತೀರಿಕೊಂಡು ಎರಡು ವರ್ಷವಾಯಿತಂತೆ, ಗದರುವವರಿಲ್ಲದೆ ಮನೆ ಸಪ್ಪೆಯಾಗಿದೆಯಂತೆ. ರಕ್ತ ಸೀಸೆಗೆ ಇಳಿಯುತ್ತಿರುವಾಗ, ತಲೆ ತಗ್ಗಿಸಿಕೊಂಡೇ ಕೇಳಿಬಿಟ್ಟೆ.

“ಸರ್, ಆ ಕೊನೇ ಎರಡು ಆಟ ನಾನು ಬೇಕಂತ ಸೋತಿದ್ದು ನಿಮಗೆ ಗೊತ್ತಿತ್ತು. ಯಾಕೆ ಹೇಳ್ಲಿಲ್ಲ?”

ಅವರು ಸೀಸೆಯನ್ನೇ ನೋಡುತ್ತಿದ್ದರು.

“ನನ್ನ ಮೇಲಿದ್ದ ನಂಬಿಕೆ ಹೇಗೂ ಹೋಗಿತ್ತು. ಅವಳಿಗೆ ಒಬ್ಬ ಗೆಳತಿನಾದ್ರೂ ಉಳೀಲಿ ಅಂತ. ಈಗಲೂ ಜೊತೇಲಿದ್ದೀರಾ?”

ಹೂಂ ಎಂದೆ. ಒಳ್ಳೇದಾಯ್ತು ಎಂದರು. ಅವರು ನಿಜವಾಗಿಯೂ ಸಂತೋಷಪಟ್ಟರು. ಹತ್ತಿ ಒತ್ತಿ ಹಿಡಿದುಕೊಂಡು ಎದ್ದು ಹೊರಟರು. ನಾನು ಸೀಸೆಯ ಮೇಲೆ ಅವರ ಹೆಸರು ಬರೆದಿಟ್ಟು ಹನ್ನೆರಡನೇ ಟೋಕನ್ ಕರೆದೆ.

ಆ ಭಾನುವಾರ ಅವಳ ಮನೆಗೆ ಹೋದೆ. ಒಗೆದ ಬಟ್ಟೆಗಳನ್ನು ಮಂಚದ ಮೇಲೆ ಸುರಿದುಕೊಂಡು ಮಡಚುತ್ತಿದ್ದಳು. ಮಗಳು ಹೊರಗಿನ ಕೋಣೆಯಲ್ಲಿ ಓದುತ್ತಿದ್ದಳು. ನಾನು ನಿಂತುಕೊಂಡೇ ಎಲ್ಲ ಹೇಳಿದೆ: ಚೀಟಿಯಲ್ಲಿ ನನ್ನ ಹೆಸರು ಮೇಲಿದ್ದದ್ದು, ಸೈಕಲ್ಲುಗಳ ಪಕ್ಕದಲ್ಲಿ ನಾನು ಹೇಳಿದ ಸುಳ್ಳು, ಬಸ್ಸಿನಲ್ಲಿ ಅವರು ನನ್ನ ಮುಖ ನೋಡಿದ್ದು, ಲ್ಯಾಬಿನಲ್ಲಿ ಅವರು ಹೇಳಿದ್ದು. ಅವಳು ಮಡಚುವುದನ್ನು ನಿಲ್ಲಿಸಲಿಲ್ಲ. ನಾನು ಮುಗಿಸಿದ ಮೇಲೂ ಇನ್ನೆರಡು ಬಟ್ಟೆ ಮಡಚಿದಳು.

“ಇಪ್ಪತ್ತೆರಡು ವರ್ಷ ಅವರ ಮುಖ ನೋಡಿಲ್ಲ ನಾನು,” ಎಂದಳು. “ಅವರ ಮನೆ ಎಲ್ಲಿ?”

ಸೈಕಲ್ ಅಂಗಡಿಯ ಮೇಲೆ, ಅದೇ ಮನೆ ಎಂದೆ. ಎದ್ದು ಮುಖ ತೊಳೆದುಕೊಂಡಳು, ಸೀರೆ ಸರಿಮಾಡಿಕೊಂಡಳು, ಚಪ್ಪಲಿ ಹಾಕಿಕೊಂಡಳು. ಜೊತೆಗೆ ಹೋಗುವುದೆಂದು ನಾನೂ ಚಪ್ಪಲಿಗೆ ಕಾಲು ತೂರಿಸಿದೆ. ಅವಳು ನನ್ನ ಕಡೆ ನೋಡಲಿಲ್ಲ. ಹೊಸ್ತಿಲು ದಾಟುವಾಗ ಮಗಳಿಗೆ ಹೇಳಿದಳು:

“ನಾನು ಬರೋದು ತಡ ಆಗುತ್ತೆ. ಇವರು ಹೊರಟ ಮೇಲೆ ಬಾಗಿಲು ಹಾಕ್ಕೋ.”

ಇವರು ಅಂದಳು, ದೊಡ್ಡಮ್ಮ ಅನ್ನಲಿಲ್ಲ. ಮಗಳು ಪುಸ್ತಕದಿಂದ ತಲೆಯೆತ್ತಿ ನನ್ನನ್ನು ನೋಡಿದಳು. ನಾನು ಹೊರಗೆ ಬಂದೆ, ಹಿಂದೆ ಚಿಲಕ ಹಾಕಿದ ಸದ್ದು ಕೇಳಿಸಿತು.